ಹಿರಿಯ ಕೆಂಪೇಗೌಡನ ಚರಿತ್ರೆ ಮತ್ತು ಬಲಿಯ ಸಂಕೇತಗಳು

ಬೆಂಗಳೂರಿನ ಸ್ಥಾಪಕನೆಂದು ಪ್ರಸಿದ್ಧನಾಗಿರುವ ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡನ ಚರಿತ್ರೆಗೆ ಎರಡು ಬಗೆಯ ಆಕರಗಳಿವೆ. ಶಾಸನ, ಕೋಟೆ, ಕೆರೆ, ದೇವಾಲಯ, ಪ್ರತಿಮೆಗಳು ಒಂದು ಬಗೆಯವು. ಆವತಿಯಿಂದ ಮಾಗಡಿಯವರೆಗಿನ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವ ಐತಿಹ್ಯಗಳೂ ಆಚರಣೆಗಳೂ ಇನ್ನೊಂದು ಬಗೆಯವು. ಅವನ ಕಾಲದ ಶಾಸನಗಳು ಕಡಿಮೆ. ಆದುದರಿಂದ ಅವನ ಬದುಕಿನ ಬಹುಭಾಗ ಐತಿಹ್ಯಗಳ ಮೂಲಕವೇ ಇಂದಿನವರೆಗೆ ಸಾಗಿ ಬಂದಿದೆ. ಈ ಐತಿಹ್ಯಗಳಲ್ಲಿ ಕಾಣುವ ಬೆರಳು, ಕಿವಿಯೋಲೆ, ಮೊಲ, ನೇಗಿಲು, ಕೋಟೆಯ ಬಾಗಿಲು ಮೊದಲಾದವು ಕಥೆಯ ಅಲಂಕಾರಗಳಾಗಿ ಮಾತ್ರ ಬಂದವಲ್ಲ. ಒಂದು ಸಮುದಾಯ ತನ್ನ ಒಡೆಯನ ಬದುಕಿಗೆ ಕೊಟ್ಟ ಅರ್ಥಗಳನ್ನು ಅವು ಸಂಕೇತಗಳಾಗಿ ಹಿಡಿದಿಟ್ಟಿವೆ. ಅವುಗಳಲ್ಲಿ ಹೆಚ್ಚಿನವು ಬಲಿಯ ಕಲ್ಪನೆಯ ಸುತ್ತ ಹೆಣೆದುಕೊಂಡಿವೆ ಎಂಬುದು ಗಮನಾರ್ಹ. ಒಂದು ಬಲಿಯನ್ನು ನಿಲ್ಲಿಸಿದವನೆಂದೂ ಇನ್ನೊಂದು ಬಲಿಯನ್ನು ಪಡೆದವನೆಂದೂ ಕೆಂಪೇಗೌಡ ಏಕಕಾಲಕ್ಕೆ ಜನರ ನೆನಪಿನಲ್ಲಿ ಉಳಿದಿದ್ದಾನೆ. ಈ ಎರಡು ನೆನಪುಗಳ ನಡುವಣ ಸಂಬಂಧವನ್ನು ಅರಿಯದೆ ಅವನ ಚರಿತ್ರೆಯ ಚಿತ್ರ ಪೂರ್ಣವಾಗದು.

ಕೆಂಪೇಗೌಡನ ಮನೆತನದ ಮೂಲ ಇಂದಿನ ದೇವನಹಳ್ಳಿ ತಾಲ್ಲೂಕಿನ ಆವತಿ. ಲೂಯಿ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಸಂಗ್ರಹಿಸಿರುವ ಪರಂಪರೆಯ ಪ್ರಕಾರ ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಏಳು ಒಕ್ಕಲು ಕುಟುಂಬಗಳು ಪೂರ್ವದ ಕಂಚಿ ಸೀಮೆಯಿಂದ ಬಂಡಿಗಳಲ್ಲಿ ಹೊರಟು ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂದು ತಂಗಿದವು. ಇವರು ಮೊರಸು ಒಕ್ಕಲು ಪಂಗಡದವರು, ಭೈರೇದೇವರ ಒಕ್ಕಲು. ಅವರ ಮುಖಂಡ ರಣಭೈರೇಗೌಡ. ಅವನ ಮಗಳನ್ನು ಬೇರೆ ಕುಲದ ಪ್ರಬಲ ಪಾಳೆಯಗಾರನೊಬ್ಬ ಮದುವೆಗೆ ಕೇಳಿದುದೇ ಈ ವಲಸೆಗೆ ಕಾರಣ. ಕೊಡಲು ಮನಸ್ಸಿಲ್ಲದೆ, ನಿರಾಕರಿಸಲು ಬಲವಿಲ್ಲದೆ, ರಾತ್ರೋರಾತ್ರಿ ಊರು ತೊರೆದವರ ಕಥೆ ಇದು. ಈ ಗುಂಪಿನವರೇ ಮುಂದೆ ಆವತಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕ ಮೊದಲಾದ ಪಾಳೆಯಪಟ್ಟುಗಳಿಗೆ ಮೂಲಪುರುಷರಾದರು. ದೇವನಹಳ್ಳಿಯ ಮೊದಲ ಕೋಟೆಯನ್ನು 1501ರಲ್ಲಿ ಕಟ್ಟಿಸಿದವನು ಈ ವಂಶದ ಮಲ್ಲಭೈರೇಗೌಡ. ಯಲಹಂಕದ ಕವಲಿಗೆ ಮೂಲಪುರುಷ ಜಯಗೌಡ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿ ರೂಪುಗೊಂಡ ಪ್ರದೇಶದ ರಾಜಕೀಯ ಚರಿತ್ರೆಯ ಒಂದು ಮುಖ್ಯ ಎಳೆ ಹೀಗೆ ಬಂಡಿಗಳಲ್ಲಿ ಬಂದ ರೈತರಿಂದ ಆರಂಭವಾಗುತ್ತದೆ. ಗೌಡರ ಹೆಸರುಗಳಲ್ಲಿ ಭೈರವ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಕುಲದೈವದೊಡನೆ ಅವರಿಗಿದ್ದ ನಂಟಿನ ಗುರುತು.

ವಲಸೆಯ ಕಥೆಯ ನಡುವೆ ಒಂದು ಸಂಕೇತವಿದೆ. ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಕುಟುಂಬಗಳಿಗೆ ತುಂಬಿ ಹರಿಯುವ ಪಾಲಾರ್ ನದಿ ಅಡ್ಡವಾಯಿತು. ಆಗ ಆ ಮಗಳು ತನ್ನ ಕಿವಿಯ ಓಲೆಯನ್ನು ತೆಗೆದು ಗಂಗೆಗೆ ಅರ್ಪಿಸಿದಳು. ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎಂದು ಐತಿಹ್ಯ ಹೇಳುತ್ತದೆ. ಯಾರ ಕಾರಣಕ್ಕಾಗಿ ಕುಲ ಅಪಾಯಕ್ಕೆ ಸಿಕ್ಕಿತೋ ಅವಳೇ ಕುಲವನ್ನು ದಾಟಿಸುವಳು. ದಾಟಿಸಲು ತನ್ನ ಮೈಮೇಲಿನ ಒಂದು ವಸ್ತುವನ್ನು ತೆರುವಳು. ಇಲ್ಲಿ ಓಲೆ ಅವಳ ದೇಹಕ್ಕೆ ಬದಲಾಗಿ ನಿಂತಿದೆ. ಇದೇ ಪಂಗಡದಲ್ಲಿ ಹಿರಿಯ ಮಗಳ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ಮುನ್ನ ತಾಯಿಯಾದವಳು ತನ್ನ ಉಂಗುರದ ಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ಕತ್ತರಿಸಿಕೊಳ್ಳುವ ಪದ್ಧತಿಯಿತ್ತೆಂಬುದನ್ನು ನೆನೆದರೆ ಕಿವಿಯೋಲೆಯ ಈ ಪ್ರಸಂಗ ಆಕಸ್ಮಿಕವೆನಿಸುವುದಿಲ್ಲ. ಕಿವಿಯೂ ಬೆರಳೂ ಒಂದೇ ಹರಕೆಯ ಎರಡು ತುದಿಗಳಂತೆ ತೋರುತ್ತವೆ.

ಬೆರಳು ಕೊಡುವ ಈ ಆಚರಣೆಗೆ ಒಂದು ಪುರಾಣವೂ ಉಂಟು. ಮುಟ್ಟಿದವರನ್ನು ಸುಡುವ ವರವನ್ನು ಶಿವನಿಂದಲೇ ಪಡೆದ ರಾಕ್ಷಸನು ಶಿವನನ್ನೇ ಬೆನ್ನಟ್ಟಿದಾಗ ಶಿವನು ರೈತನೊಬ್ಬನ ಹೊಲದಲ್ಲಿ ಅಡಗಿಕೊಂಡನು. ರಾಕ್ಷಸನು ಬಂದು ಕೇಳಲು, ಭಯಗೊಂಡ ರೈತನು ಬಾಯಲ್ಲಿ ಇಲ್ಲವೆಂದು ಹೇಳಿ ಕಿರುಬೆರಳಿನಿಂದ ಅಡಗುತಾಣವನ್ನು ತೋರಿಸಿದನು. ವಿಷ್ಣುವಿನ ಉಪಾಯದಿಂದ ರಾಕ್ಷಸನು ಅಳಿದ ಮೇಲೆ ಶಿವನು ತಪ್ಪು ಮಾಡಿದ ಬೆರಳನ್ನು ಕತ್ತರಿಸಲು ಮುಂದಾದನು. ರೈತನ ಹೆಂಡತಿ ಅಡ್ಡ ಬಂದು, ಗಂಡನ ಕೈ ಊನವಾದರೆ ಬೇಸಾಯ ನಿಂತು ಮನೆ ಉಪವಾಸ ಬೀಳುವುದೆಂದು ಬೇಡಿ, ಅವನ ಒಂದು ಬೆರಳಿಗೆ ಬದಲಾಗಿ ತನ್ನ ಎರಡು ಬೆರಳುಗಳನ್ನು ಒಪ್ಪಿಸಿದಳು. ಅವಳ ಸಂತತಿಯ ಹೆಣ್ಣುಮಕ್ಕಳು ಅದನ್ನೇ ನಡೆಸಿಕೊಂಡು ಬರಬೇಕೆಂಬ ಕಟ್ಟಳೆ ಅಲ್ಲಿಂದ ಹುಟ್ಟಿತು. ಈ ಪುರಾಣವನ್ನು ಭಕ್ತಿಯ ಕಥೆಯಾಗಿ ಮಾತ್ರ ಓದಿದರೆ ಅದರ ಲೆಕ್ಕಾಚಾರ ಕಣ್ತಪ್ಪುತ್ತದೆ. ತಪ್ಪು ಗಂಡಸಿನದು, ತೆರಿಗೆ ಹೆಂಗಸಿನದು, ಒಂದಕ್ಕೆ ಎರಡು. ನೇಗಿಲು ಹಿಡಿಯುವ ಕೈಯನ್ನು ಉಳಿಸಿಕೊಳ್ಳಲು ಕಳೆ ಕೀಳುವ, ರಾಗಿ ಬೀಸುವ, ಮಗುವನ್ನು ಎತ್ತಿಕೊಳ್ಳುವ ಕೈಯನ್ನು ಒಡ್ಡಲಾಗಿದೆ. ಎಂದರೆ ಈ ಆಚರಣೆಯ ಬೇರಿನಲ್ಲೇ ಬದಲಿ ಕೊಡುವ ತತ್ತ್ವವಿದೆ. ಬದಲಿ ಕೊಡುವುದು ಸಾಧ್ಯವೆಂದು ಒಮ್ಮೆ ಒಪ್ಪಿದ ಮೇಲೆ ಆ ಬದಲಿಗೂ ಮತ್ತೊಂದು ಬದಲಿಯನ್ನು ಹುಡುಕುವ ದಾರಿ ತೆರೆದೇ ಇರುತ್ತದೆ.

ಇಂಥ ಕುಲಾಚಾರದ ನಡುವೆ ಯಲಹಂಕದ ಕೆಂಪನಂಜೇಗೌಡನ ಮಗನಾಗಿ ಕೆಂಪೇಗೌಡ ಜನಿಸಿದನು. ಪರಂಪರೆಯ ಲೆಕ್ಕದಂತೆ ಅವನ ಜನನ 1510ರಲ್ಲಿ. ಆಳ್ವಿಕೆಯ ಅವಧಿಯನ್ನು ಸಾಮಾನ್ಯವಾಗಿ 1513ರಿಂದ 1569ರವರೆಗೆ ಎಂದು ಹೇಳುವುದುಂಟು. ಈ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟರೆ ಮೂರು ವರ್ಷದ ಮಗು ಪಟ್ಟಕ್ಕೆ ಬಂದಂತಾಗುವುದರಿಂದ ಇವನ್ನು ಐತಿಹ್ಯದ ಕಾಲಗಣನೆಯೆಂದು ಮಾತ್ರ ಸ್ವೀಕರಿಸುವುದು ಯುಕ್ತ. ಹೆಸರಘಟ್ಟದ ಸಮೀಪದ ಐಗಂಡಪುರದ ಗುರುಕುಲದಲ್ಲಿ ಅವನು ವಿದ್ಯೆಯನ್ನೂ ಶಸ್ತ್ರಾಭ್ಯಾಸವನ್ನೂ ಪಡೆದನೆಂದು ಪ್ರತೀತಿ. ವಿಜಯನಗರದಲ್ಲಿ ಕೃಷ್ಣದೇವರಾಯ, ಅಚ್ಯುತರಾಯ, ಸದಾಶಿವರಾಯರು ಆಳಿದ ಕಾಲವೇ ಅವನ ಕಾಲ. ಸಾಮ್ರಾಜ್ಯದ ವೈಭವವನ್ನು ಕಂಡು, 1565ರ ಯುದ್ಧದಲ್ಲಿ ಅದು ಕುಸಿದುದನ್ನೂ ಕಂಡ ಪೀಳಿಗೆಗೆ ಅವನು ಸೇರಿದವನು.

ಹೊಸ ನಗರದ ಸ್ಥಳವನ್ನು ಆರಿಸಿದ ಬಗೆಗೆ ಇರುವ ಕಥೆ ಪ್ರಸಿದ್ಧವಾದುದು. ಬೇಟೆಗೆ ಹೋದಾಗ ಮೊಲವೊಂದು ಬೇಟೆನಾಯಿಯನ್ನು ತಿರುಗಿ ಅಟ್ಟಿಸಿಕೊಂಡು ಹೋದುದನ್ನು ಕಂಡು ಆ ನೆಲವನ್ನು ಗಂಡುಭೂಮಿಯೆಂದು ಅವನು ಬಗೆದನು. ಇದೇ ಕಥೆ ವಿಜಯನಗರದ ಸ್ಥಾಪನೆಗೂ ಅಂಟಿಕೊಂಡಿದೆ. ಆದುದರಿಂದ ಇದನ್ನು ನಡೆದ ಘಟನೆಯೆಂದು ಪರಿಗಣಿಸುವುದಕ್ಕಿಂತ, ಸಾಮಂತನ ರಾಜಧಾನಿಗೆ ಸಾಮ್ರಾಟರ ರಾಜಧಾನಿಯ ಗೌರವವನ್ನು ಹೊಂದಿಸುವ ಸಂಕೇತವೆಂದು ಪರಿಗಣಿಸುವುದು ಹೆಚ್ಚು ಸಮಂಜಸ. ಯಲಹಂಕದ ಕಥೆಯಲ್ಲಿ ಇದಕ್ಕೆ ಇನ್ನೊಂದು ಛಾಯೆಯೂ ಸೇರುತ್ತದೆ. ಪ್ರಬಲನಿಗೆ ಹೆದರಿ ಊರು ಬಿಟ್ಟು ಓಡಿದ ಏಳು ಒಕ್ಕಲುಗಳ ವಂಶಜನಿಗೆ, ಓಡುವುದನ್ನು ನಿಲ್ಲಿಸಿ ತಿರುಗಿ ನಿಂತ ಮೊಲಕ್ಕಿಂತ ಹೊಂದುವ ಶಕುನ ಮತ್ತಾವುದಿದ್ದೀತು?

1537ರಲ್ಲಿ ನಗರಕ್ಕೆ ಅಸ್ತಿಭಾರ ಬಿದ್ದಿತು. ದೊಡ್ಡಪೇಟೆ, ಚಿಕ್ಕಪೇಟೆಗಳ ಬೀದಿಗಳು ಕೂಡುವ ಸ್ಥಳದಲ್ಲಿ ಪೂಜೆ ನಡೆಸಿ, ನೇಗಿಲು ಕಟ್ಟಿದ ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ, ಆ ಗೆರೆಗಳ ಮೇಲೆ ಬೀದಿಗಳನ್ನು ಹಾಕಿಸಿದನೆಂದು ಪರಂಪರೆ ಹೇಳುತ್ತದೆ. ನೇಗಿಲಿನಿಂದ ಊರಿನ ಎಲ್ಲೆ ಗುರುತಿಸುವ ಕ್ರಮ ರೋಮನರಲ್ಲೂ ಇತ್ತು. ಬಾಗಿಲು ಬರಬೇಕಾದ ಕಡೆ ನೇಗಿಲನ್ನು ಎತ್ತಿ ಹಿಡಿದು ಉಳಿದೆಡೆ ಸಾಲು ಎಳೆಯುವುದು ಅವರ ಪದ್ಧತಿ. ಒಂದು ನಡುಬಿಂದು, ನಾಲ್ಕು ದಿಕ್ಕು, ಸುತ್ತ ಒಂದು ಎಲ್ಲೆ ಎಂಬ ಈ ವಿನ್ಯಾಸ ಎಷ್ಟು ವ್ಯಾಪಕವೆಂದರೆ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ವಿಕ್ಕಾ ಎಂಬ ನವಪೇಗನ್ ಪಂಥದ ಪೂಜೆಯೂ ಇದರಿಂದಲೇ ಆರಂಭವಾಗುತ್ತದೆ. ಅಲ್ಲಿ ಮೊದಲು ಒಂದು ವೃತ್ತವನ್ನು ಬರೆದು, ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು ಎಂದು ದಿಕ್ಕುಗಳನ್ನು ಸಾಮಾನ್ಯವಾಗಿ ಆವಾಹಿಸುತ್ತಾರೆ. ವಿಕ್ಕಾದ ವೃತ್ತ ಪೂಜೆ ಮುಗಿದೊಡನೆ ಅಳಿಯುತ್ತದೆ. ಕೆಂಪೇಗೌಡನ ನೇಗಿಲ ಗೆರೆ ಬೀದಿಯಾಗಿ ಉಳಿಯಿತು. ರೈತಕುಲದವನಾದ ಅವನಿಗೆ ನೇಗಿಲು ಪೂಜೆಯ ವಸ್ತುವಾಗುವ ಮೊದಲೇ ಕೆಲಸದ ಉಪಕರಣವಾಗಿತ್ತು.

ಮಣ್ಣಿನ ಕೋಟೆ, ಸುತ್ತ ಕಂದಕ, ಕಸುಬಿಗೊಂದರಂತೆ ಪೇಟೆ, ನೀರಿಗೆ ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳು, ಹೀಗೆ ನಗರ ಬೆಳೆಯಿತು. ಅಚ್ಯುತರಾಯನು ಮೆಚ್ಚಿ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ, ಕುಂಬಳಗೋಡು ಮೊದಲಾದ ಹೋಬಳಿಗಳನ್ನು ಅವನಿಗೆ ಬಿಟ್ಟುಕೊಟ್ಟನೆಂದು ಹೇಳಲಾಗುತ್ತದೆ. ಲಾಲ್‌ಬಾಗಿನ ಬಂಡೆ, ಹಲಸೂರು ಕೆರೆಯ ಬದಿ, ಕೆಂಪಾಂಬುಧಿ ಕೆರೆಯ ಬದಿ ಮತ್ತು ಮೇಖ್ರಿ ವೃತ್ತದ ಸಮೀಪ ಇರುವ ನಾಲ್ಕು ಗೋಪುರಗಳು ನಗರದ ಎಲ್ಲೆಯ ಗುರುತುಗಳೆಂದು ಪ್ರಸಿದ್ಧವಾಗಿವೆ. ಇವನ್ನು ಕಟ್ಟಿಸಿದವನು ಹಿರಿಯ ಕೆಂಪೇಗೌಡನೆಂದು ಕೆಲವರೂ ಅವನ ನಂತರದ ಇಮ್ಮಡಿ ಕೆಂಪೇಗೌಡನೆಂದು ಕೆಲವರೂ ಅಭಿಪ್ರಾಯಪಡುತ್ತಾರೆ.

ಕೋಟೆಯ ಕಥೆಯಲ್ಲಿಯೇ ಎರಡನೆಯ ಬಲಿಯೂ ಬರುತ್ತದೆ. ದಕ್ಷಿಣದ ಬಾಗಿಲು ಹಗಲು ನಿಂತರೆ ಇರುಳು ಬೀಳುತ್ತಿತ್ತು. ತುಂಬುಗರ್ಭಿಣಿಯ ಬಲಿಯಿಲ್ಲದೆ ಅದು ನಿಲ್ಲದೆಂದು ಬಲ್ಲವರು ನುಡಿದರು. ಕೆಂಪೇಗೌಡನು ಒಪ್ಪಲಿಲ್ಲ. ಮಾವನ ಚಿಂತೆಯನ್ನರಿತ ಸೊಸೆ ಲಕ್ಷ್ಮಮ್ಮ, ತಾನೇ ಗರ್ಭಿಣಿಯಾಗಿದ್ದವಳು, ನಡುರಾತ್ರಿ ಬಾಗಿಲ ಬಳಿ ಬಂದು ತನ್ನ ತಲೆಯನ್ನು ತಾನೇ ಅರಿದುಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಹೆಸರಿನ ಗುಡಿಯಿದೆ. ಕನ್ನಡ ಜನಪದ ಸಾಹಿತ್ಯದ ಓದುಗರಿಗೆ ಇದು ಕೆರೆಗೆ ಹಾರವಾದ ಭಾಗೀರಥಿಯನ್ನು ನೆನಪಿಸದಿರದು. ಗ್ರೀಸಿನ ಆರ್ತಾ ಸೇತುವೆಯ ಕಥೆಯಲ್ಲಿಯೂ ರುಮೇನಿಯಾದ ಶಿಲ್ಪಿ ಮನೋಲೆಯ ಕಥೆಯಲ್ಲಿಯೂ ಕಟ್ಟಡದೊಳಗೆ ಸೇರಿಹೋಗುವವಳು ಕಟ್ಟುವವನ ಮನೆಯ ಹೆಣ್ಣೇ. ಭಾಗೀರಥಿಯ ಕಥೆಯಲ್ಲಿ ಬಲಿಯನ್ನು ನಿರ್ಧರಿಸುವವರು ಹಿರಿಯರು. ಲಕ್ಷ್ಮಮ್ಮನ ಕಥೆಯಲ್ಲಿ ಆ ನಿರ್ಧಾರ ಅವಳದೇ ಆಗಿದೆ. ಒಡೆಯನನ್ನು ದೋಷದಿಂದ ಬಿಡಿಸಲು ಐತಿಹ್ಯ ಈ ಮಾರ್ಪಾಡನ್ನು ಮಾಡಿಕೊಂಡಿರಬಹುದು. ಆದರೆ ಅದರಿಂದ ತೆತ್ತ ಬೆಲೆ ಕಡಿಮೆಯಾಗುವುದಿಲ್ಲ. ಓಲೆ ದೇಹಕ್ಕೆ ಬದಲಾಗಿ ನಿಂತ ಪಾಲಾರಿನ ಕಥೆಗೆ ಇದು ತದ್ವಿರುದ್ಧ. ಇಲ್ಲಿ ಯಾವ ಬದಲಿಯೂ ಒದಗಿ ಬರಲಿಲ್ಲ.

ಕೆಂಪೇಗೌಡನ ಏಳಿಗೆಗೆ ತಡೆಯಾದುದೂ ಒಂದು ಸಂಕೇತವೇ. ಭೈರೇದೇವರ ಹೆಸರಿನ ನಾಣ್ಯವನ್ನು ಸಾಮ್ರಾಟರ ಅಪ್ಪಣೆಯಿಲ್ಲದೆ ಟಂಕಿಸಿದನೆಂಬ ಕಾರಣಕ್ಕೆ ರಾಮರಾಯನು ಅವನನ್ನು ಆನೆಗೊಂದಿಯಲ್ಲಿ ಸೆರೆಯಿಟ್ಟನು. ಕುಲದೈವವನ್ನು ಮನೆಯಲ್ಲಿ ಪೂಜಿಸುವುದು ಭಕ್ತಿ. ಅದನ್ನೇ ನಾಣ್ಯದ ಮೇಲೆ ತಂದರೆ ಸ್ವತಂತ್ರ ಪ್ರಭುತ್ವದ ಘೋಷಣೆ. ಒಂದೇ ಗುರುತು ಸ್ಥಳಾಂತರಗೊಂಡಾಗ ಅದರ ಅರ್ಥವೂ ಬದಲಾಗುತ್ತದೆಂಬುದಕ್ಕೆ ಈ ಪ್ರಕರಣ ಉತ್ತಮ ನಿದರ್ಶನ. ಐದು ವರ್ಷಗಳ ಸೆರೆಯ ನಂತರ ಬಿಡುಗಡೆ ಹೊಂದಿ ತನ್ನ ಸೀಮೆಯನ್ನು ಮರಳಿ ಪಡೆದ ಅವನು ಗವಿ ಗಂಗಾಧರೇಶ್ವರ ದೇವಾಲಯವನ್ನು ಅಭಿವೃದ್ಧಿಪಡಿಸಿದನೆಂದು ನಂಬಿಕೆ. ಅದರ ಅಂಗಳದಲ್ಲಿ ತ್ರಿಶೂಲ, ಡಮರು ಹಾಗೂ ಸೂರ್ಯಪಾನ, ಚಂದ್ರಪಾನಗಳೆಂಬ ಎರಡು ದೊಡ್ಡ ಕಲ್ಲಿನ ಬಿಲ್ಲೆಗಳು ನಿಂತಿವೆ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೋಡುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ನವೆಂಬರ್ ಕೊನೆಯ ದಿನಗಳಲ್ಲೂ ಬಿಸಿಲು ಅದೇ ದಾರಿಯಲ್ಲಿ ಬರುತ್ತದಾದರೂ ಜನ ಸೇರುವುದು ಸಂಕ್ರಾಂತಿಗೆ. ಬೆಳಕು ಎರಡು ಬಾರಿ ಬಂದರೂ ಸಂಕೇತವಾಗಿ ಅರ್ಥ ಪಡೆದುದು ಒಂದು ದಿನ ಮಾತ್ರ.

ಇನ್ನು ಬೆರಳ ಬಲಿಯ ನಿಷೇಧದ ವಿಷಯ. ಬಂಡಿ ದೇವರು ಎಂಬ ಹೆಸರಿನ ಆಚರಣೆಯಲ್ಲಿ ಹೆಣ್ಣುಮಕ್ಕಳ ಬೆರಳು ಕತ್ತರಿಸುತ್ತಿದ್ದುದನ್ನು ಕೆಂಪೇಗೌಡನು ನಿಲ್ಲಿಸಿದನೆಂಬುದು ಅವನ ಕೀರ್ತಿಯ ಮುಖ್ಯ ಅಂಶಗಳಲ್ಲಿ ಒಂದು. ಆದರೆ ಟಿಪ್ಪುವಿನ ಪತನಾನಂತರ 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮೊರಸು ಒಕ್ಕಲಿಗರ ಈ ಪದ್ಧತಿಯನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಕೆಂಪೇಗೌಡನ ನಂತರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಅದು ಉಳಿದಿತ್ತೆಂದಾಯಿತು. ಮುಂದೆ ಸರ್ಕಾರವೂ ಅದನ್ನು ನಿಷೇಧಿಸಿತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಗ್ರಂಥ ಈ ಪದ್ಧತಿಯ ಕೊನೆಯ ರೂಪವನ್ನು ತಿಳಿಸುತ್ತದೆ: ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕುಪ್ಪಿಗೆಯನ್ನು ತೊಡಿಸಿ, ಬೆರಳಿಗೆ ಬದಲಾಗಿ ಆ ಕುಪ್ಪಿಗೆಯನ್ನೇ ಕಳಚಿ ತೆಗೆಯುವುದು.

ಈ ಸಾಕ್ಷ್ಯಗಳ ಮುಂದೆ ಕೆಂಪೇಗೌಡನ ನಿಷೇಧದ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಆಜ್ಞೆ ಅವನ ಸೀಮೆಗೆ ಸೀಮಿತವಾಗಿದ್ದಿರಬಹುದು. ಮೊರಸು ಒಕ್ಕಲಿಗರಾದರೋ ಕೋಲಾರದ ಕಡೆಯವರೆಗೆ ಹಲವು ಪಾಳೆಯಪಟ್ಟುಗಳಲ್ಲಿ ಹರಡಿದ್ದರು. ಅಥವಾ ಆಚರಣೆ ಕಡೆಗೂ ಅಳಿದ ಮೇಲೆ, ಅದನ್ನು ಬಿಟ್ಟುದರ ಹೆಮ್ಮೆಯನ್ನು ಸಮುದಾಯವು ಪರಕೀಯ ಸರ್ಕಾರಕ್ಕೆ ಬಿಟ್ಟುಕೊಡದೆ ತನ್ನ ಹಿರಿಯನಿಗೆ ಒಪ್ಪಿಸಿರಬಹುದು. ಎರಡರಲ್ಲಿ ಯಾವುದು ನಿಜವಾದರೂ ಒಂದು ಸಂಗತಿ ಸ್ಪಷ್ಟ. ಆಜ್ಞೆಯಿಂದ ಮಾತ್ರ ಈ ಬಲಿ ನಿಲ್ಲಲಿಲ್ಲ. ಹರಕೆಯ ಭಾರವನ್ನು ಹೊರಬಲ್ಲ ಒಂದು ಸಂಕೇತ ಸಿಕ್ಕಿದಾಗ ಅದು ನಿಂತಿತು. ಗಂಡನ ಬೆರಳಿಗೆ ಹೆಂಡತಿಯ ಬೆರಳು, ಹೆಂಡತಿಯ ಬೆರಳಿಗೆ ಚಿನ್ನದ ಕುಪ್ಪಿಗೆ ಎಂಬ ಸರಪಳಿಯಲ್ಲಿ ಕೊನೆಯ ಕೊಂಡಿಯೇ ಹೆಣ್ಣಿನ ಕೈಯನ್ನು ಉಳಿಸಿತು.

ಸಂಕೇತದ ಈ ಶಕ್ತಿಯನ್ನು ಅರಿಯಲು ಮೇಲೆ ಹೇಳಿದ ವಿಕ್ಕಾದ ಇನ್ನೊಂದು ವಸ್ತುವನ್ನು ನೋಡಬಹುದು. ಅದರ ಪ್ರವರ್ತಕ ಜೆರಾಲ್ಡ್ ಗಾರ್ಡ್ನರ್ (1884–1964) ಸಿಲೋನ್, ಮಲಯಗಳಲ್ಲಿ ದುಡಿದವನು. ಮಲಯದ ಕಠಾರಿಗಳ ಬಗ್ಗೆ 1936ರಲ್ಲಿ ಪುಸ್ತಕ ಬರೆದವನು. ಬ್ರಿಟನ್ನಿನಲ್ಲಿ ಮಾಟವಿರೋಧಿ ಕಾಯ್ದೆ 1951ರಲ್ಲಿ ರದ್ದಾದ ಮೇಲೆ 1954ರಲ್ಲಿ ತನ್ನ ಪಂಥವನ್ನು ಗ್ರಂಥಮುಖೇನ ಬಹಿರಂಗಪಡಿಸಿದನು. ಆ ಪಂಥದಲ್ಲಿ ಆಥಮೆ ಎಂಬ ಕಪ್ಪು ಹಿಡಿಯ ಕತ್ತಿಯಿದೆ. ಅದರಿಂದ ವೃತ್ತವನ್ನು ಬರೆಯುತ್ತಾರೆ, ಬಟ್ಟಲಿನಲ್ಲಿ ಅದ್ದಿ ದೇವ-ದೇವಿಯರ ಕೂಟವನ್ನು ಸೂಚಿಸುತ್ತಾರೆ, ಏನನ್ನೂ ಕತ್ತರಿಸುವುದಿಲ್ಲ. ಆಯುಧದ ಆಕಾರ ಉಳಿದು ಅದರ ಕ್ರಿಯೆ ಅಳಿದಿದೆ. ತಮ್ಮ ಪಂಥ ಕ್ರೈಸ್ತಪೂರ್ವ ಧರ್ಮದ ಅಖಂಡ ಮುಂದುವರಿಕೆಯೆಂದು ಗಾರ್ಡ್ನರ್ ಬಗೆದಿದ್ದರೂ, ಅದರ ಬಹುಪಾಲು ವಿಧಿಗಳು ಆಧುನಿಕ ಕಾಲದಲ್ಲಿ ರೂಪುಗೊಂಡವೆಂದು ರೊನಾಲ್ಡ್ ಹಟನ್ 1999ರ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಮೊರಸು ಒಕ್ಕಲಿಗರ ಕುಪ್ಪಿಗೆಗೂ ಈ ಕತ್ತಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಒಂದು, ಕಲ್ಪಿತ ಪ್ರಾಚೀನತೆಗೆ ಆಧುನಿಕರು ಕೊಟ್ಟ ರೂಪ. ಇನ್ನೊಂದು, ನಿಜವಾಗಿ ನಡೆದ ನೋವಿನ ಮೇಲೆ ತೊಡಿಸಿದ ಕವಚ. ಸಂಕೇತದ ಅರ್ಥವನ್ನು ಅದರ ಆಕಾರದಲ್ಲಿ ಹುಡುಕಿದರೆ ಸಾಲದು. ಅದು ಯಾವುದರ ಬದಲಿಗೆ ಬಂದಿತು, ಮೊದಲು ಬೆಲೆ ತೆತ್ತವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ.

ಕೆಂಪೇಗೌಡನ ಕೊನೆಯ ದಿನಗಳ ಬಗೆಗೆ ಹೆಚ್ಚಿನ ವಿವರಗಳು ದೊರೆತಿರಲಿಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವನದೆಂದು ಗುರುತಿಸಲಾದ ಸಮಾಧಿ ಮತ್ತು ಶಾಸನ ವಿದ್ವಾಂಸರ ಗಮನಕ್ಕೆ ಬಂದವು. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಅವನ ಮರಣಾನಂತರ, 1609ರಲ್ಲಿ, ಸ್ಥಾಪಿತವಾದ ಲೋಹದ ಪ್ರತಿಮೆಯಿದೆ. ಹೆಣ್ಣೊಬ್ಬಳು ಗಂಗೆಗೆ ಓಲೆ ಒಪ್ಪಿಸಿದುದರಿಂದ ಉಳಿದ ಕುಲದ ಒಡೆಯನು ಗಂಗೆಯನ್ನು ಧರಿಸಿದ ದೇವರ ಸನ್ನಿಧಿಯಲ್ಲಿ ಭಕ್ತನಾಗಿ ನಿಂತಿದ್ದಾನೆ. 1638ರಲ್ಲಿ ಬೆಂಗಳೂರು ಬಿಜಾಪುರದ ಸೇನಾನಿ ರಣದುಲ್ಲಾಖಾನನ ವಶವಾಯಿತು. ಕೆಂಪೇಗೌಡನ ವಂಶಜರು ಮಾಗಡಿಯನ್ನು ನೆಲೆ ಮಾಡಿಕೊಂಡು 1728ರವರೆಗೆ ಆಳಿ, ಮೈಸೂರಿಗೆ ಸೋತು ಅಧಿಕಾರ ಕಳೆದುಕೊಂಡರು.

2013ರಲ್ಲಿ ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರನ್ನಿಡಲಾಯಿತು. ಅದರ ಆವರಣದಲ್ಲಿ 108 ಅಡಿ ಎತ್ತರದ ಕಂಚಿನ ಪ್ರತಿಮೆ 2022ರ ನವೆಂಬರ್ 11ರಂದು ಅನಾವರಣಗೊಂಡಿತು; ಶಿಲ್ಪಿ ರಾಮ್ ಸುತಾರ್. ಅದಕ್ಕೆ ಮುನ್ನ ರಾಜ್ಯದ 22,000ಕ್ಕೂ ಹೆಚ್ಚು ಸ್ಥಳಗಳಿಂದ ಮಣ್ಣನ್ನು ಸಂಗ್ರಹಿಸಿ ತರಲಾಯಿತು. ಆ ಪ್ರತಿಮೆಯ ಕೈಯಲ್ಲಿ ನಾಲ್ಕು ಟನ್ ತೂಕದ ಖಡ್ಗವಿದೆ. ಅವನ ಪೂರ್ವಜರ ಬಂಡಿಗಳು ಬಂದು ನೆಲೆನಿಂತ ಆವತಿ ಅದೇ ತಾಲ್ಲೂಕಿನಲ್ಲಿದೆ. ಖಡ್ಗವು ರಾಜ್ಯಕಟ್ಟಿದ ವೀರನ ಗುರುತು. ಮಣ್ಣು ರೈತನ ಗುರುತು. ಇವೆರಡೂ ಕೆಂಪೇಗೌಡನಿಗೆ ಸಲ್ಲತಕ್ಕವೇ. ಆದರೆ ಓಲೆ ಕೊಟ್ಟವಳ, ಬೆರಳು ಕೊಟ್ಟವರ, ತಲೆ ಕೊಟ್ಟವಳ ಗುರುತುಗಳು ಈ ಸ್ಮಾರಕದಲ್ಲಿ ಸೇರಿಲ್ಲ. ಅವು ಉಳಿದಿರುವುದು ಕೋರಮಂಗಲದ ಗುಡಿಯಲ್ಲಿ, ಹಳೆಯ ದಾಖಲೆಗಳ ಕೆಲವು ಪುಟಗಳಲ್ಲಿ ಮತ್ತು ಬಾಯ್ದೆರೆಯ ಕಥೆಗಳಲ್ಲಿ. ಕೆಂಪೇಗೌಡನು ಬೆರಳ ಬಲಿಯನ್ನು ನಿಲ್ಲಿಸಿದನೆಂದು ನಂಬುವ ಪರಂಪರೆಯೇ ಲಕ್ಷ್ಮಮ್ಮನನ್ನೂ ಮರೆಯದೆ ಉಳಿಸಿಕೊಂಡಿರುವುದು ಅದರ ಪ್ರಾಮಾಣಿಕತೆಗೆ ಸಾಕ್ಷಿ. ಅವನ ಚರಿತ್ರೆಯನ್ನು ಬರೆಯುವವರು ಈ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲಾಗದು.